ರುಜುವಿಗೆ ಹೊಣೆ ಯಾರು?

ರುಜು ಹಾಕುವುದು ಬಲು ಹಗುರವಾದ ಕೆಲಸವೆಂದು ನಾವೆಲ್ಲರೂ ಭಾವಿಸಿದ್ದೇವೆ. ಹಾಜರಿ ಪುಸ್ತಕದಲ್ಲಿ, ಬ್ಯಾಂಕಿನ ಚೀಟಿಯಲ್ಲಿ, ಅಂಚೆಯವನು ಮುಂದೊಡ್ಡುವ ರಸೀತಿಯಲ್ಲಿ ನಮ್ಮ ಹೆಸರನ್ನು ಗೀಚಿ, ಮರುಕ್ಷಣವೇ ಮರೆಯುತ್ತೇವೆ. ಆ ಗೀಚು ನಮ್ಮದೇ ಎಂಬುದನ್ನು ಇನ್ನೊಬ್ಬರು ಹೇಳಬೇಕಾಗಿ ಬಂದಾಗಲೇ ಅದರ ಭಾರ ತಿಳಿಯುವುದು. “ಇದು ನನ್ನ ರುಜು” ಎಂದು ನಾನೇ ಹೇಳಿದರೆ ಸಾಲದು. ಅದು ಸುಳ್ಳಾದ ಪಕ್ಷದಲ್ಲಿ ನಷ್ಟವನ್ನು ತಾನು ತುಂಬಿಕೊಡುತ್ತೇನೆಂದು ಬೇರೊಬ್ಬರು ಮುಂದೆ ಬರಬೇಕು. ಅಮೆರಿಕದಲ್ಲಿ ಇಂಥ ಪದ್ಧತಿಯೊಂದಿದೆ. ‘ಮೆಡಾಲಿಯನ್ ಸಿಗ್ನೇಚರ್ ಗ್ಯಾರಂಟಿ’ ಎಂದು ಅದರ ಹೆಸರು; ರುಜುವಿಗೆ ಹೊಣೆನಿಲ್ಲುವ ಮೊಹರು ಎಂದರೆ ಅರ್ಥವಾದೀತು. ನನಗೆ ಅದರ ಪರಿಚಯವಾದುದು ಪುಸ್ತಕಗಳಿಂದಲ್ಲ, ನನ್ನ ಅಕ್ಕನಿಂದ.

ಅಕ್ಕ ನ್ಯೂಜೆರ್ಸಿಗೆ ಹೋಗಿ ನಾಲ್ವತ್ತು ವರ್ಷಗಳಾದುವು. ಭಾವನವರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದರು. ತಿಂಗಳ ಸಂಬಳದಲ್ಲಿ ಇಷ್ಟಿಷ್ಟು ಉಳಿಸಿ ಆ ಕಂಪೆನಿಯ ಷೇರುಗಳನ್ನೇ ಕೊಳ್ಳುತ್ತಿದ್ದರು. ಅವು ಯಾವ ದಲ್ಲಾಳಿಯ ಖಾತೆಯಲ್ಲಿಯೂ ಇರಲಿಲ್ಲ. ಕಂಪೆನಿಯ ಷೇರುದಾರರ ಪಟ್ಟಿಯಲ್ಲಿ ನೇರವಾಗಿ ಅವರ ಹೆಸರಿನಲ್ಲಿದ್ದುವು. ಭಾವನವರು ತೀರಿಕೊಂಡ ಮೇಲೆ, ಅವುಗಳನ್ನು ತನ್ನ ಹೆಸರಿಗೆ ಮಾಡಿಕೊಂಡು, ಮಾರಿ, ಮನೆಯ ಮೇಲೆ ಉಳಿದಿದ್ದ ಸಾಲವನ್ನು ತೀರಿಸಬೇಕೆಂದು ಅಕ್ಕ ಬಯಸಿದಳು. ಷೇರುದಾರರ ಪಟ್ಟಿಯನ್ನು ಕಂಪೆನಿಯ ಪರವಾಗಿ ಇಟ್ಟುಕೊಳ್ಳುವ ಸಂಸ್ಥೆಗೆ ಟ್ರಾನ್ಸ್‌ಫರ್ ಏಜೆಂಟ್ ಎನ್ನುತ್ತಾರೆ. ಅವರಿಂದ ಕಾಗದ ಬಂದಿತು. ರುಜು ಹಾಕುವ ಗೆರೆಯ ಕೆಳಗೆ ಚೌಕಾಕಾರದ ಖಾಲಿ ಜಾಗ; ಅದರಲ್ಲಿ ಮೆಡಾಲಿಯನ್ ಮೊಹರು ಬೀಳಬೇಕು, ನೋಟರಿಯ ಮುದ್ರೆ ನಡೆಯದು ಎಂಬ ಒಕ್ಕಣೆ.

“ನಾನು ನಾನೇ ಅಂತ ಹೇಳೋದಕ್ಕೆ ಈ ಊರಲ್ಲಿ ಯಾರನ್ನು ಹುಡುಕಲಿ, ಹೇಳೋ?” ಎಂದು ಅಕ್ಕ ದೂರವಾಣಿಯಲ್ಲಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ನೋಟರಿ ಏಕೆ ಸಾಲದು? ವಿಚಾರಿಸಿ ನೋಡಿದರೆ ಕಾರಣ ಸ್ಪಷ್ಟವಾಗಿಯೇ ಇದೆ. ನೋಟರಿ ಸಾಕ್ಷಿಗಾರ, ಎದುರಿಗಿದ್ದವರ ಗುರುತಿನ ಚೀಟಿಯನ್ನು ನೋಡಿ, ಇಂಥವರು ತನ್ನ ಮುಂದೆ ರುಜು ಹಾಕಿದರೆಂದು ಬರೆಯುತ್ತಾನೆ. ಮೆಡಾಲಿಯನ್ ಮೊಹರನ್ನು ಒತ್ತುವ ಸಂಸ್ಥೆಯಾದರೋ ಜಾಮೀನುದಾರ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಎಂಟನೆಯ ವಿಭಾಗದ ಪ್ರಕಾರ ಅದು ಮೂರು ಮಾತುಗಳಿಗೆ ಹೊಣೆಯಾಗುತ್ತದೆ: ರುಜು ನಿಜವಾದುದು; ರುಜು ಹಾಕಿದವರಿಗೆ ಈ ಷೇರನ್ನು ವರ್ಗಾಯಿಸುವ ಅಧಿಕಾರವಿದೆ; ಹಾಗೆ ಮಾಡಲು ಅವರು ಕಾನೂನಿನ ದೃಷ್ಟಿಯಲ್ಲಿ ಸಮರ್ಥರು. ಇವುಗಳಲ್ಲಿ ಒಂದು ಸುಳ್ಳಾದರೂ ನಷ್ಟವನ್ನು ಆ ಬ್ಯಾಂಕೇ ತೆರಬೇಕು. ಸಾಕ್ಷಿ ಹೇಳುವುದಕ್ಕೂ ಜಾಮೀನು ನಿಲ್ಲುವುದಕ್ಕೂ ಇರುವ ಅಂತರ ನಮ್ಮ ಹಳ್ಳಿಯವರಿಗೂ ತಿಳಿಯದುದಲ್ಲ. ಮೊದಲನೆಯದಕ್ಕೆ ಹತ್ತು ಮಂದಿ ಬಂದಾರು. ಎರಡನೆಯದಕ್ಕೆ ಒಬ್ಬನು ಸಿಕ್ಕಿದರೆ ಅದು ಭಾಗ್ಯ.

ಇಷ್ಟು ಬಿಗಿ ಏಕೆಂದು ಕೇಳಬಹುದು. ಮೋಸಗಾರನು ಕಳ್ಳರುಜು ಹಾಕಿ ಒಬ್ಬರ ಷೇರುಗಳನ್ನು ತನ್ನ ಹೆಸರಿಗೆ ಮಾಡಿಕೊಂಡು ಮಾರಿಬಿಟ್ಟರೆ, ಕೊಂಡವನಿಗೆ ಸುಳಿವಿಲ್ಲ, ಕಳೆದುಕೊಂಡವನಿಗೆ ತಿಳಿದಿಲ್ಲ; ನಡುವೆ ಸಿಕ್ಕಿಕೊಳ್ಳುವುದು ಪಟ್ಟಿಯಲ್ಲಿ ಹೆಸರು ಬದಲಾಯಿಸಿದ ಏಜೆಂಟ್. ಈ ತೊಡಕು ಹಳೆಯದು. ಕಳ್ಳ ವರ್ಗಾವಣೆಗಳ ವಿಷಯವಾಗಿ ಇಂಗ್ಲೆಂಡಿನಲ್ಲಿ 1891ರಲ್ಲಿಯೇ ಒಂದು ಶಾಸನ ಬಂದಿತ್ತು. ಅಮೆರಿಕದಲ್ಲಿ ಹಿಂದೆ ಏಜೆಂಟರು ಬ್ಯಾಂಕಿನ ಅಧಿಕಾರಿಗಳ ರುಜುಗಳನ್ನು ಕಾರ್ಡುಗಳ ಮೇಲೆ ಬರೆಯಿಸಿ ಇಟ್ಟುಕೊಂಡು, ಕಾಗದ ಬಂದಾಗಲೆಲ್ಲ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ರುಜುವಿಗೆ ರುಜು ಸಾಕ್ಷಿ. ಆ ಸಾಕ್ಷಿಗೆ ಮತ್ತೊಂದು ಕಾರ್ಡು! ದೊಡ್ಡ ಬ್ಯಾಂಕುಗಳ ಮಾತಿಗೆ ಇದ್ದ ಮನ್ನಣೆ ಸಣ್ಣ ಸಂಸ್ಥೆಗಳ ಮಾತಿಗೆ ಇರಲಿಲ್ಲ. 1992ರಲ್ಲಿ ಅಲ್ಲಿನ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ ಹೊಸ ನಿಯಮವನ್ನು ಮಾಡಿತು. ಅರ್ಹತೆಯುಳ್ಳ ಸಂಸ್ಥೆ ಬ್ಯಾಂಕಾಗಲಿ, ದಲ್ಲಾಳಿ ಸಂಸ್ಥೆಯಾಗಲಿ, ಕ್ರೆಡಿಟ್ ಯೂನಿಯನ್ ಆಗಲಿ, ಅವುಗಳ ನಡುವೆ ಪಂಕ್ತಿಭೇದ ಮಾಡಕೂಡದೆಂದು ಅದರ ತಾತ್ಪರ್ಯ. ಕಾರ್ಡುಗಳ ಬದಲು ಮೊಹರಿನ ಪದ್ಧತಿ ನೆಲೆಗೊಂಡಿತು. ಇದಕ್ಕಾಗಿ ಮೂರು ಯೋಜನೆಗಳಿವೆ. ಅವುಗಳಲ್ಲಿ ಹಿರಿದಾದ ‘ಸ್ಟಾಂಪ್’ ಎಂಬುದರಲ್ಲಿ ಅಮೆರಿಕ ಮತ್ತು ಕೆನಡಾಗಳ ಸಾವಿರಾರು ಸಂಸ್ಥೆಗಳು ಸೇರಿವೆ.

ಆ ಮೊಹರು ಒತ್ತುವುದು ವಿಶೇಷವಾದ ಹಸಿರು ಶಾಯಿಯಲ್ಲಿ. ಅದರ ಮೇಲೆ ಒಂದು ಅಕ್ಷರ ಮತ್ತು ಅಂಕಿಗಳಿರುತ್ತವೆ. ಎಷ್ಟು ಹಣದವರೆಗೆ ಹೊಣೆ ಎಂಬುದನ್ನು ಹೇಳುವುದು ಆ ಅಕ್ಷರ. ‘ಝಡ್’ ಇದ್ದರೆ 1 ಕೋಟಿ ಡಾಲರು. ‘ಎ’ ಇದ್ದರೆ 10 ಲಕ್ಷ. ‘ಡಿ’ ಇದ್ದರೆ 2.5 ಲಕ್ಷ. ವರ್ಗಾಯಿಸುವ ಷೇರಿನ ಬೆಲೆ ಅದನ್ನು ಮೀರಿದರೆ ಮೊಹರಿದ್ದೂ ಇಲ್ಲದಂತೆ.

ಇಷ್ಟನ್ನೂ ಅಕ್ಕ ಕಲಿತದ್ದು ಅಲೆದಾಟದಿಂದ. ಮೊದಲನೆಯ ಬ್ಯಾಂಕಿನಲ್ಲಿ, “ನೀವು ನಮ್ಮ ಖಾತೆದಾರರೇ? ಆರು ತಿಂಗಳಾದರೂ ಆಗಿರಬೇಕು” ಎಂದರು. ಎರಡನೆಯದರಲ್ಲಿ ಖಾತೆಯಿತ್ತು, ಆದರೆ ಆ ಶಾಖೆಯ ಮೊಹರಿನ ಮಿತಿ ಸಾಲದು. ಇನ್ನೊಂದು ಶಾಖೆಗೆ ಹೋದರೆ ಮೊಹರು ಒತ್ತುವ ಅಧಿಕಾರಿ ರಜೆಯ ಮೇಲಿದ್ದರು. ಮತ್ತೊಂದು ಕಡೆ ಆಕೆ ಕಾಗದಕ್ಕೆ ಮನೆಯಲ್ಲಿಯೇ ರುಜು ಹಾಕಿಕೊಂಡು ಹೋಗಿದ್ದಳು. ನಮ್ಮ ಕಣ್ಣ ಮುಂದೆ ಹಾಕದ ರುಜುವಿಗೆ ನಾವು ಹೊಣೆಯಾಗುವುದು ಹೇಗೆಂದು ಹಿಂದಿರುಗಿಸಿದರು. ಒಬ್ಬರಾದರೂ ಒರಟಾಗಿ ಮಾತಾಡಲಿಲ್ಲ; ಎಲ್ಲರೂ ನಕ್ಕು, ವಿನಯದಿಂದ ಬಾಗಿಲು ತೋರಿಸಿದರು. ಗಂಡನನ್ನು ಕಳೆದುಕೊಂಡವಳಿಗೆ, ತಾನು ಆತನ ಹೆಂಡತಿಯೆಂದು ಮೇಜಿನಿಂದ ಮೇಜಿಗೆ ಹೋಗಿ ನಿವೇದಿಸಿಕೊಳ್ಳುವುದು ಎಂಥ ಸಂಕಟವೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ.

ಆದರೂ ಬ್ಯಾಂಕುಗಳನ್ನು ಬೈದು ಸಮಾಧಾನಪಡುವುದು ನ್ಯಾಯವಾಗದು. ಅನೇಕ ಬ್ಯಾಂಕುಗಳು ತಮ್ಮ ಖಾತೆದಾರರಿಗೆ ಈ ಕೆಲಸವನ್ನು ಬಿಟ್ಟಿಯಾಗಿಯೇ ಮಾಡಿಕೊಡುತ್ತವೆ. ಕಾಸಿನ ಲಾಭವಿಲ್ಲ, ತಪ್ಪಿದರೆ ಲಕ್ಷಗಟ್ಟಲೆ ದಂಡ. ಅಪರಿಚಿತರಿಗೆ ಯಾರು ಜಾಮೀನು ನಿಂತಾರು? ಇಂದು ಅಮೆರಿಕದಲ್ಲಿ ಹೆಚ್ಚಿನ ಷೇರುಗಳು ದಲ್ಲಾಳಿಗಳ ಮೂಲಕ ಒಂದು ಕೇಂದ್ರ ಭಂಡಾರದಲ್ಲಿ ಇರುತ್ತವೆ. ಮಾರುವುದಕ್ಕೂ ಕೊಳ್ಳುವುದಕ್ಕೂ ಮೊಹರು ಬೇಡ. ಭಾವನವರಂತೆ ತಮ್ಮ ಹೆಸರಿನಲ್ಲಿಯೇ ಷೇರುಗಳನ್ನಿಟ್ಟುಕೊಂಡ ಹಳೆಯ ಕಾಲದವರೇ, ಅವರ ವಾರಸುದಾರರೇ ಮೊಹರನ್ನು ಅರಸಿ ಹೊರಡಬೇಕಾದವರು. ಬೇಡುವವರು ಕಡಮೆಯಾದಂತೆ ಕೊಡುವವರ ಅಭ್ಯಾಸವೂ ತಪ್ಪುತ್ತದೆ. ವಾರಸುದಾರರು ನಮ್ಮ ದೇಶದಲ್ಲಿದ್ದರಂತೂ ತೊಡಕು ಇಮ್ಮಡಿ. ಅಮೆರಿಕದ ದೂತಾವಾಸಗಳು ನೋಟರಿಯ ಕೆಲಸವನ್ನು ಮಾಡಿಕೊಡುತ್ತವೆಯೇ ಹೊರತು ಈ ಮೊಹರನ್ನು ಒತ್ತುವುದಿಲ್ಲ.

ಕೊನೆಗೆ ಅಕ್ಕನಿಗೆ ನೆನಪಾದುದು ಒಂದು ಮರೆತ ಖಾತೆ. ಭಾವನವರು ಕೆಲಸಕ್ಕೆ ಸೇರಿದ ವರ್ಷವೇ ಕಾರ್ಖಾನೆಯ ನೌಕರರ ಕ್ರೆಡಿಟ್ ಯೂನಿಯನ್ನಿನಲ್ಲಿ ಇಬ್ಬರ ಹೆಸರಿನಲ್ಲಿಯೂ ಖಾತೆ ತೆರೆದಿದ್ದರು. ಅದರಲ್ಲಿ ಇದ್ದುದು ಅಲ್ಪ ಹಣ.

ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಪತ್ತಿನ ಸಹಕಾರ ಸಂಘದ ಒಡಹುಟ್ಟು. ಎರಡರ ಬೇರೂ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿದೆ. ಒಬ್ಬರನ್ನೊಬ್ಬರು ಬಲ್ಲ ಜನ ತಮ್ಮ ಹಣವನ್ನು ಕೂಡಿಸಿ, ತಮ್ಮವರ ಮಾತನ್ನು ನಂಬಿ ಸಾಲ ಕೊಡುವುದು ಅದರ ತತ್ತ್ವ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಬಲವೂ ಇದೇ. 1907ರಲ್ಲಿ ಬಾಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನ್ ಭಾರತಕ್ಕೆ ಬಂದು, ಬಂಗಾಳದ ಹಳ್ಳಿಗಳ ಸಹಕಾರ ಸಂಘಗಳನ್ನು ನೋಡಿ, ಬೆರಗಾಗಿ ಹಿಂದಿರುಗಿದನು. 1909ರಲ್ಲಿ ಮಸಾಚುಸೆಟ್ಸ್ ಸಂಸ್ಥಾನವು ಕ್ರೆಡಿಟ್ ಯೂನಿಯನ್ನುಗಳಿಗೆ ಶಾಸನ ಮಾಡಿದಾಗ ಆತನೂ ಅದಕ್ಕೆ ದುಡಿದವನು. 1934ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಶಾಸನ ಬಂದಿತು.

ಅಕ್ಕ ಅಲ್ಲಿಗೆ ಹೋದಳು. ಮೇಜಿನ ಹಿಂದಿದ್ದ ನರೆಗೂದಲ ಹೆಂಗಸು ಹೆಸರನ್ನು ಓದಿ, ತಲೆಯೆತ್ತಿ, “ಚಳಿಗಾಲದಲ್ಲಿಯೂ ನಡೆದೇ ಬರುತ್ತಿದ್ದರಲ್ಲ, ಅವರೇ?” ಎಂದು ಕೇಳಿದಳಂತೆ. ಭಾವನವರು ತೀರಿಕೊಂಡ ಮೇಲೆ ಕಚೇರಿಯೊಂದರಲ್ಲಿ ಅವರನ್ನು ಮನುಷ್ಯರಾಗಿ ನೆನೆದವರು ಆಕೆಯೊಬ್ಬಳೇ ಎಂದು ಹೇಳುವಾಗ ಅಕ್ಕನ ಧ್ವನಿ ನಡುಗಿತು.

ನೆನಪಿತ್ತೆಂದು ಆಕೆ ತನಿಖೆಯನ್ನು ಬಿಡಲಿಲ್ಲ. ಗುರುತಿನ ಚೀಟಿ, ಮರಣಪತ್ರ, ಅಕ್ಕನನ್ನು ಆಸ್ತಿಯ ನಿರ್ವಾಹಕಿಯೆಂದು ನೇಮಿಸಿದ ನ್ಯಾಯಾಲಯದ ಇತ್ತೀಚಿನ ಪತ್ರ, ಷೇರುಗಳ ಸಂಖ್ಯೆ ಮತ್ತು ಬೆಲೆಯನ್ನು ತೋರಿಸುವ ಲೆಕ್ಕಪತ್ರ, ಎಲ್ಲವನ್ನೂ ಒಂದು ಗಂಟೆ ಕಾಲ ಓದಿದಳು. ಆಮೇಲೆ, “ಈಗ ರುಜು ಹಾಕಿ” ಎಂದಳು. ಅಕ್ಕ ಹಾಕಿದಳು. ಹಸಿರು ಮೊಹರು ಬಿದ್ದಿತು.

ಇಂಥ ಕೆಲಸ ಬಿದ್ದವರಿಗೆ ಅಕ್ಕನ ಅನುಭವದಿಂದ ನಾಲ್ಕು ಮಾತು ಹೇಳಬಹುದು. ಹಲವು ವರ್ಷಗಳಿಂದ ಖಾತೆಯಿರುವ ಕಡೆಗೇ ಮೊದಲು ಹೋಗಬೇಕು. ಮೊಹರಿದೆಯೇ, ಅದರ ಮಿತಿಯೆಷ್ಟು, ಒತ್ತುವವರು ಎಂದು ಸಿಗುವರು ಎಂಬುದನ್ನು ಮುಂದಾಗಿ ಕೇಳಬೇಕು. ಬೆಲೆಯನ್ನು ತೋರಿಸುವ ಕಾಗದವನ್ನು ಮರೆಯಕೂಡದು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಹೇಳುವ ತನಕ ಲೇಖನಿಯನ್ನು ಮುಟ್ಟಕೂಡದು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಮಾತು. ಮೊಹರಿನ ನಿಯಮವನ್ನು ಮಾಡಿದವರು ಹೊಣೆಯನ್ನು ಹಣದಲ್ಲಿ ಅಳೆದರು. ಅದಕ್ಕೆ ಅಕ್ಷರವಿದೆ, ಅಂಕಿಯಿದೆ. ಬಲ್ಲವರಿಗೆ ಮಾತ್ರ ಹೊಣೆನಿಲ್ಲುತ್ತೇವೆಂಬ ಬ್ಯಾಂಕುಗಳ ಹಟವೂ ತಪ್ಪಲ್ಲ. ಕೇಳಬೇಕಾದುದು, ನಮ್ಮನ್ನು ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದು. ಶಾಖೆಗಳು ಮುಚ್ಚುತ್ತವೆ, ಗುಮಾಸ್ತರು ಬದಲಾಗುತ್ತಾರೆ, ವ್ಯವಹಾರವೆಲ್ಲ ಬೆರಳ ತುದಿಯಲ್ಲಿ ಮುಗಿಯುತ್ತದೆ. ಅನುಕೂಲವೇ ಸರಿ. ಆದರೆ ಒಂದು ದಿನ ಯಾರೋ ನಮ್ಮ ರುಜುವಿಗೆ ಹೊಣೆಯನ್ನು ಕೇಳುತ್ತಾರೆ. ಅಂದು ತಲೆಯೆತ್ತಿ ನಮ್ಮ ಹೆಸರನ್ನು ಗುರುತಿಸುವವರು ಒಬ್ಬರಾದರೂ ಇರಬೇಕು.

ಅಕ್ಕ ಮನೆಯ ಸಾಲವನ್ನು ತೀರಿಸಿದಳು. ಆ ಮರೆತ ಖಾತೆಯನ್ನು ಮಾತ್ರ ಮುಚ್ಚಲಿಲ್ಲ. ತಿಂಗಳಿಗೊಮ್ಮೆ ಹೋಗಿ, ಹತ್ತು ಡಾಲರು ಕಟ್ಟಿ, ನರೆಗೂದಲ ಹೆಂಗಸಿನೊಡನೆ ಎರಡು ಮಾತಾಡಿ ಬರುತ್ತಾಳೆ.