ಬಿಳಿ ಸಾಂಗ್ರಿಯಾ

ಬಿಳಿ ಸಾಂಗ್ರಿಯಾ ಎಂಬುದು ಬಿಳಿ ವೈನ್‌ಗೆ ಹಣ್ಣಿನ ಹೋಳು, ಸಕ್ಕರೆ ಹಾಗೂ ಸೋಡಾ ಬೆರೆಸಿ ತಯಾರಿಸುವ ತಂಪು ಪಾನೀಯ. ಸ್ಪೇನ್ ಮತ್ತು ಪೋರ್ಚುಗಲ್ ಸಾಂಗ್ರಿಯಾದ ತವರು. ಸ್ಪ್ಯಾನಿಷ್ ಭಾಷೆಯಲ್ಲಿ 'ಸಾಂಗ್ರೆ' ಎಂದರೆ ರಕ್ತ. ಕೆಂಪು ವೈನ್‌ನ ಬಣ್ಣದಿಂದ ಈ ಹೆಸರು ಬಂದಿತೆನ್ನಲಾಗುತ್ತದೆ. ಐರೋಪ್ಯ ಒಕ್ಕೂಟದ 2014ರ ನಿಯಮಾವಳಿಯಲ್ಲಿ ಬಿಳಿ ವೈನ್‌ನಿಂದ ಇದೇ ಬಗೆಯಲ್ಲಿ ತಯಾರಾಗುವ ಪಾನೀಯಕ್ಕೆ 'ಕ್ಲಾರೆಯಾ' ಎಂಬ ಪ್ರತ್ಯೇಕ ಹೆಸರಿದೆ.

ತಯಾರಿಕೆ

ಮನೆಯಲ್ಲಿ ತಯಾರಿಸಲು ಸಿಹಿ ಕಡಿಮೆಯಿರುವ 750 ಮಿ.ಲೀ. ಬಿಳಿ ವೈನ್ ಸೂಕ್ತ. ಪೀಚ್, ಕಿತ್ತಳೆ ಹಾಗೂ ಸೇಬನ್ನು ಹೆಚ್ಚಿ, ಎರಡು ಚಮಚ ಸಕ್ಕರೆ ಮತ್ತು ನಿಂಬೆರಸ ಬೆರೆಸಿ ಅರ್ಧ ಗಂಟೆ ಇಡಲಾಗುತ್ತದೆ. ಸಕ್ಕರೆಯು ಹಣ್ಣಿನ ರಸವನ್ನು ಹೊರಸೆಳೆಯುತ್ತದೆ. ನಿಂಬೆಯ ಆಮ್ಲವು ಸೇಬು ಕಂದುಬಣ್ಣಕ್ಕೆ ತಿರುಗುವುದನ್ನು ತಡೆಯುತ್ತದೆ. ಬಳಿಕ ವೈನ್ ಸೇರಿಸಿ, ಪಾತ್ರೆಯನ್ನು ಮುಚ್ಚಿ ಫ್ರಿಜ್‌ನಲ್ಲಿ ಮೂರು–ನಾಲ್ಕು ಗಂಟೆ ಇಟ್ಟರೆ ಹಣ್ಣಿನ ಪರಿಮಳ ವೈನ್‌ಗೆ ಇಳಿಯುತ್ತದೆ. ಸೋಡಾವನ್ನು ಕೊನೆಯಲ್ಲಿ, ಲೋಟಕ್ಕೆ ಬಗ್ಗಿಸುವ ಮುನ್ನವಷ್ಟೇ ಸೇರಿಸಬೇಕು. ಮೊದಲೇ ಬೆರೆಸಿದರೆ ಅದರಲ್ಲಿನ ಅನಿಲ ಹೊರಹೋಗಿ ಪಾನೀಯವು ಸಪ್ಪೆಯಾಗುತ್ತದೆ.

ಮದ್ಯಸಾರದ ಪ್ರಮಾಣ

ಶೇ. 12ರಷ್ಟು ಮದ್ಯಸಾರವಿರುವ 750 ಮಿ.ಲೀ. ವೈನ್‌ಗೆ 250 ಮಿ.ಲೀ. ಸೋಡಾ ಬೆರೆಸಿದಾಗ ಮದ್ಯಸಾರದ ಪ್ರಮಾಣವು ಸುಮಾರು ಶೇ. 9ಕ್ಕೆ ಇಳಿಯುತ್ತದೆ. ಆದರೆ ಪಾತ್ರೆಯಲ್ಲಿರುವ ಒಟ್ಟು ಮದ್ಯಸಾರ ಕಡಿಮೆಯಾಗುವುದಿಲ್ಲ. ಸಿಹಿ ಮತ್ತು ಹಣ್ಣಿನ ರುಚಿಯು ಮದ್ಯದ ಘಾಟನ್ನು ಮರೆಮಾಚುವುದರಿಂದ ಕುಡಿದ ಪ್ರಮಾಣವು ಅರಿವಿಗೆ ಬಾರದಿರಬಹುದು. ನೆನೆದ ಹೋಳುಗಳೂ ಮದ್ಯಸಾರವನ್ನು ಹೀರಿಕೊಂಡಿರುವುದರಿಂದ ಅವುಗಳನ್ನು ಮಕ್ಕಳಿಗೆ ಕೊಡಬಾರದು.