ಹಿರಿಯರ ಅಗಲಿಕೆಯ ನಂತರ: ಉಯಿಲು, ನಾಮಿನಿ ಮತ್ತು ಪ್ರೊಬೇಟ್

ಉತ್ತರಕ್ರಿಯೆಗಳು ಮುಗಿದು, ಊರಿನಿಂದ ಬಂದ ಬಂಧುಗಳು ಮರಳಿ ರೈಲು ಹತ್ತಿದ ಮೇಲೆ ಮನೆಯಲ್ಲಿ ಉಳಿಯುವುದು ಮೌನ ಮತ್ತು ಒಂದು ಕಬ್ಬಿಣದ ಕಪಾಟು. ಅದರೊಳಗೆ ಸೊಸೈಟಿಯ ಷೇರು ಪ್ರಮಾಣಪತ್ರ, ಬ್ಯಾಂಕಿನ ಠೇವಣಿ ರಸೀದಿಗಳು, ವಿಮಾ ಪಾಲಿಸಿ, ಊರಿನ ಜಮೀನಿನ ಹಳೆಯ ಪಹಣಿ. ಎಷ್ಟೋ ಮನೆಗಳಲ್ಲಿ ಆ ಕಪಾಟಿನ ಬಾಗಿಲು ತೆರೆದ ದಿನದಿಂದಲೇ ಒಡಹುಟ್ಟಿದವರ ಮಾತಿನ ಧಾಟಿ ಬದಲಾಗುತ್ತದೆ. ಇದಕ್ಕೆ ಲೋಭವೇ ಕಾರಣವೆಂದು ನೋಡುವವರು ಹೇಳುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ಯಾವ ಕಾಗದಕ್ಕೆ ಎಷ್ಟು ಬಲವಿದೆ ಎಂಬುದನ್ನು ತಿಳಿಯದಿರುವುದೇ ಮನಸ್ತಾಪಕ್ಕೆ ಮೂಲವಾಗಿರುತ್ತದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ದಶಕ ಮುಂಬಯಿಯಲ್ಲಿ ದುಡಿದ ಹಿಂದೂ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ಪತ್ನಿ, ಮಗ ಹಾಗೂ ಬೆಂಗಳೂರಿನಲ್ಲಿ ನೆಲೆಸಿದ ಮಗಳು ಇದ್ದಾರೆ. ಮಾಟುಂಗಾದ ಫ್ಲ್ಯಾಟಿಗೆ ಮಗನೇ ನಾಮಿನಿ. ಆದರೆ ಫ್ಲ್ಯಾಟು ಪತ್ನಿಗೆ ಸೇರಬೇಕೆಂದು ಹಿರಿಯರು ಉಯಿಲು ಬರೆದಿದ್ದಾರೆ. ಬ್ಯಾಂಕಿನ ಠೇವಣಿಗೆ ನಾಮಿನಿ ಇಲ್ಲ. ಉಡುಪಿ ಜಿಲ್ಲೆಯಲ್ಲಿರುವ ಸ್ವಯಾರ್ಜಿತ ಜಮೀನಿನ ಬಗ್ಗೆಯಾಗಲಿ, ಠೇವಣಿಯ ಬಗ್ಗೆಯಾಗಲಿ ಉಯಿಲಿನಲ್ಲಿ ಒಂದಕ್ಷರವೂ ಇಲ್ಲ.

ನಾಮಿನಿ ಒಡೆಯನಲ್ಲ

ಸೊಸೈಟಿಯ ದಾಖಲೆಯಲ್ಲಿ ತನ್ನ ಹೆಸರಿರುವುದರಿಂದ ಫ್ಲ್ಯಾಟು ತನ್ನದೇ ಎಂದು ಮಗ ನಂಬಿದರೆ ಆಶ್ಚರ್ಯವಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ನಾಮಿನಿಯು ಆಸ್ತಿಯನ್ನು ಸ್ವೀಕರಿಸಿ ನಿಜವಾದ ಹಕ್ಕುದಾರರಿಗೆ ತಲುಪಿಸುವ ವಿಶ್ವಸ್ತ ಮಾತ್ರ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ ನಿಯಮದಂತೆ, ಉತ್ತರಾಧಿಕಾರಿಗಳು ಸದಸ್ಯರಾಗುವವರೆಗೆ ನಾಮಿನಿಯನ್ನು ತಾತ್ಕಾಲಿಕ ಸದಸ್ಯನನ್ನಾಗಿ ಸೇರಿಸಿಕೊಳ್ಳಲಾಗುತ್ತದೆ. ಕಂಪನಿಯ ಷೇರುಗಳ ವಿಷಯದಲ್ಲಿಯೂ ನಾಮನಿರ್ದೇಶನವು ಉತ್ತರಾಧಿಕಾರದ ಕ್ರಮವನ್ನು ಮೀರುವುದಿಲ್ಲವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಜೀವವಿಮೆಯಲ್ಲಿ ಮಾತ್ರ ಸ್ವಲ್ಪ ಭೇದವಿದೆ. 2015ರ ತಿದ್ದುಪಡಿಯ ನಂತರ, ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ಸಾಮಾನ್ಯವಾಗಿ ಆ ಹಣಕ್ಕೆ ಅವರೇ ಹಕ್ಕುದಾರರು.

ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಉಯಿಲು ಸಿಂಧುವಾಗಿದ್ದರೆ ಫ್ಲ್ಯಾಟು ತಾಯಿಗೆ ಸೇರುತ್ತದೆ. ನಾಮಿನಿಯಾದ ಮಗ ಅದಕ್ಕೆ ಸಹಕರಿಸಬೇಕಾದವನು.

ಪ್ರೊಬೇಟ್ ಎಂದರೇನು?

ಉಯಿಲು ನಿಜವಾದುದು, ಕ್ರಮಬದ್ಧವಾಗಿ ಬರೆದುದು ಎಂದು ನ್ಯಾಯಾಲಯವು ತನ್ನ ಮೊಹರಿನೊಂದಿಗೆ ದೃಢಪಡಿಸಿ ಕೊಡುವ ಪ್ರತಿಯೇ ಪ್ರೊಬೇಟ್. ಉಯಿಲಿನಲ್ಲಿ ನೇಮಿಸಲಾದ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೊಳಿಸುವ ವ್ಯಕ್ತಿಗೆ ಮಾತ್ರ ಅದು ದೊರೆಯುತ್ತದೆ. ಅಂತಹವರನ್ನು ನೇಮಿಸದಿದ್ದರೆ ಉಯಿಲನ್ನು ಲಗತ್ತಿಸಿದ ಆಡಳಿತ ಪತ್ರಕ್ಕೆ ಅರ್ಜಿ ಹಾಕಬೇಕು.

ಮುಂಬಯಿ, ಚೆನ್ನೈ, ಕೋಲ್ಕತ್ತಾ ನಗರಗಳಲ್ಲಿ ಹಿಂದೂಗಳು ಬರೆದ ಉಯಿಲಿಗೂ, ಅಲ್ಲಿನ ಸ್ಥಿರಾಸ್ತಿಯ ಕುರಿತಾದ ಉಯಿಲಿಗೂ ಪ್ರೊಬೇಟ್ ಬಹುಕಾಲ ಕಡ್ಡಾಯವಾಗಿತ್ತು. ಬ್ರಿಟಿಷರ ಕಾಲದ ಪ್ರೆಸಿಡೆನ್ಸಿ ನಗರಗಳಿಗೆಂದು ಹುಟ್ಟಿದ ಈ ಕಟ್ಟಳೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೆಯ ಕಲಮಿನಲ್ಲಿ ಮುಂದುವರಿದಿತ್ತು. ಪುಣೆಯಲ್ಲಿರುವ ತಮ್ಮನಿಗೆ ಬೇಡವಾದ ಪ್ರೊಬೇಟ್ ಮುಂಬಯಿಯ ಅಣ್ಣನಿಗೆ ಬೇಕಾಗುತ್ತಿದ್ದುದು ಇದರಿಂದಲೇ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆಯು ಆ ಕಲಮನ್ನು ತೆಗೆದುಹಾಕಿತು. ಹಳೆಯ ಲೇಖನಗಳಲ್ಲಿ, ಪರಿಚಿತರ ಮಾತುಗಳಲ್ಲಿ ಇನ್ನೂ ಕೇಳಿಬರುವ 'ಮುಂಬಯಿಯಲ್ಲಿ ಪ್ರೊಬೇಟ್ ಇಲ್ಲದೆ ಆಗದು' ಎಂಬ ಮಾತು ಈಗ ಕಾನೂನಾಗಿ ಉಳಿದಿಲ್ಲ. ತಿದ್ದುಪಡಿಗಿಂತ ಮುಂಚೆಯೇ ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣಗಳಿದ್ದರೆ ಮಾತ್ರ ತಮ್ಮ ವಕೀಲರ ಸಲಹೆಯಂತೆ ನಡೆಯುವುದು ಲೇಸು.

ಕಡ್ಡಾಯವಲ್ಲವೆಂದ ಮಾತ್ರಕ್ಕೆ ಪ್ರೊಬೇಟ್ ನಿಷ್ಪ್ರಯೋಜಕವೆಂದು ತಿಳಿಯಬಾರದು. ವಾರಸುದಾರರೆಲ್ಲರೂ ಒಮ್ಮತದಲ್ಲಿದ್ದು, ಉಯಿಲಿನ ಬಗ್ಗೆ ಯಾರ ಆಕ್ಷೇಪವೂ ಇಲ್ಲದಿದ್ದರೆ ನ್ಯಾಯಾಲಯದ ಖರ್ಚು ಮತ್ತು ಕಾಲಹರಣವನ್ನು ತಪ್ಪಿಸಬಹುದು. ಒಬ್ಬರಿಗಾದರೂ ಸಂಶಯವಿದ್ದರೆ, ಅಥವಾ ಮುಂದೆ ಫ್ಲ್ಯಾಟನ್ನು ಮಾರುವಾಗ ಹಕ್ಕಿನ ಪ್ರಶ್ನೆ ಏಳುವ ಸಂಭವವಿದ್ದರೆ, ಪ್ರೊಬೇಟ್ ಪಡೆಯುವುದೇ ಕ್ಷೇಮ. ಮರಣದಿಂದ 7 ದಿನ ಕಳೆಯದೆ ಪ್ರೊಬೇಟ್ ನೀಡುವಂತಿಲ್ಲ. ಆಡಳಿತ ಪತ್ರಕ್ಕೆ ಈ ಅವಧಿ 14 ದಿನ. ಅರ್ಜಿಯೊಂದಿಗೆ ಮೂಲ ಉಯಿಲು, ಮರಣ ಪ್ರಮಾಣಪತ್ರ, ಆಸ್ತಿ ಮತ್ತು ಸಾಲಗಳ ಪಟ್ಟಿ, ಸಾಕ್ಷಿಯೊಬ್ಬರ ಪ್ರಮಾಣಪತ್ರ ಇವುಗಳನ್ನು ಒದಗಿಸಬೇಕಾಗುತ್ತದೆ. ಸಂಬಂಧಪಟ್ಟವರಿಗೆ ನೋಟಿಸು ಹೋಗುತ್ತದೆ. ಯಾರಾದರೂ ಕೇವಿಯಟ್ ಹಾಕಿ ವಿರೋಧಿಸಿದರೆ ಅದು ದಾವೆಯ ಸ್ವರೂಪ ತಾಳಿ ವರ್ಷಗಟ್ಟಲೆ ಎಳೆಯಬಹುದು.

ಉಯಿಲಿಲ್ಲದ ಆಸ್ತಿ

ಉಯಿಲಿನಲ್ಲಿ ಕಾಣಿಸದ ಠೇವಣಿಯೂ ಜಮೀನೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತವೆ. ಗಂಡಸಿನ ಸ್ವಯಾರ್ಜಿತದಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ನಮ್ಮ ಉದಾಹರಣೆಯ ಹಿರಿಯರ ತಾಯಿ ಮೊದಲೇ ತೀರಿಕೊಂಡಿದ್ದರೆ, ಪತ್ನಿ, ಮಗ, ಮಗಳು ತಲಾ ಮೂರನೆಯ ಒಂದು ಪಾಲಿಗೆ ಹಕ್ಕುದಾರರು. 'ಮದುವೆಯಾಗಿ ಹೋದವಳಿಗೇನು ಪಾಲು' ಎಂಬ ಮಾತಿಗೆ ಕಾನೂನಿನಲ್ಲಿ ಎಡೆಯಿಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯು ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿದೆ. ಕರಾವಳಿಯ ಅಳಿಯಸಂತಾನ ಕುಟುಂಬಗಳಿಗೆ ಇದೇ ಕಾಯ್ದೆಯ 17ನೆಯ ಕಲಮಿನಲ್ಲಿ ಪ್ರತ್ಯೇಕ ನಿಯಮಗಳಿರುವುದರಿಂದ, ಅದನ್ನು ಬಲ್ಲ ವಕೀಲರನ್ನು ಕಾಣಬೇಕು.

ಬ್ಯಾಂಕಿನ ಠೇವಣಿಗೆ ನಾಮಿನಿ ಇಲ್ಲದಿದ್ದರೂ ಪ್ರತಿಸಲ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನದಂತೆ, ವಿವಾದವಿಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿಗಳವರೆಗಿನ ಹಣವನ್ನು ಸರಳ ಕ್ರಮದಲ್ಲಿ ಪಡೆಯಬಹುದು. ದಾಖಲೆಗಳೆಲ್ಲ ಕೈಸೇರಿದ 15 ದಿನಗಳೊಳಗೆ ಬ್ಯಾಂಕು ಇತ್ಯರ್ಥಪಡಿಸಬೇಕು. ಮೊತ್ತ ದೊಡ್ಡದಾಗಿದ್ದರೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೇಳಬಹುದು. ಅದು ಠೇವಣಿ, ಷೇರುಗಳಂತಹ ಸೊತ್ತಿಗೆ ಮಾತ್ರ ಸಲ್ಲುತ್ತದೆ. ಮನೆ, ಜಮೀನಿಗೆ ಸಲ್ಲುವುದಿಲ್ಲ.

ಊರಿನ ಜಮೀನಿಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ಪಹಣಿಯಲ್ಲಿ ಹೆಸರು ಬಂದರೆ ಅದು ಕಂದಾಯದ ದಾಖಲೆಯಷ್ಟೆ. ಉಳಿದವರ ಹಕ್ಕು ಅದರಿಂದ ಅಳಿಯುವುದಿಲ್ಲ. ಮಗಳು ಪ್ರೀತಿಯಿಂದ ತನ್ನ ಪಾಲನ್ನು ಬಿಟ್ಟುಕೊಡುವುದಾದರೂ ಬಾಯಿಮಾತು ಸಾಲದು. ಜಮೀನಿರುವ ಜಿಲ್ಲೆಯ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು.

ಮರೆಯಬಾರದ ಕೆಲಸಗಳು

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದಿರಿಸಿಕೊಳ್ಳಿ. ಮೃತರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವ ಅಭ್ಯಾಸ ಬೇಡ. ಸದುದ್ದೇಶದಿಂದ ಮಾಡಿದರೂ ಅದೇ ಮುಂದೆ ಆರೋಪವಾಗುತ್ತದೆ. ಮೃತರ ಕೊನೆಯ ದಿನದವರೆಗಿನ ಆದಾಯ ತೆರಿಗೆ ವಿವರವನ್ನು ವಾರಸುದಾರರು ಸಲ್ಲಿಸಬೇಕು. ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಗಿರುವುದರಿಂದ ಆಸ್ತಿ ಬಂದುದಕ್ಕೆಂದು ತೆರಿಗೆಯಿಲ್ಲ. ಸಾಲಗಳಿದ್ದರೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಗಾರರು.

ಬದುಕಿರುವ ನಾವು ಮಾಡಬೇಕಾದುದೂ ಇದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ. ಸಾಕ್ಷಿಗಳು ಉಯಿಲಿನಿಂದ ಏನನ್ನೂ ಪಡೆಯದವರೂ, ವಯಸ್ಸಿನಲ್ಲಿ ನಮಗಿಂತ ಕಿರಿಯರೂ ಆಗಿದ್ದರೆ ಒಳ್ಳೆಯದು. ನಂಬಿಕಸ್ಥರೊಬ್ಬರನ್ನು ಎಕ್ಸಿಕ್ಯೂಟರ್ ಆಗಿ ನೇಮಿಸಿ, ಊರಿನ ಜಮೀನನ್ನೂ ಸರ್ವೆ ನಂಬರಿನೊಂದಿಗೆ ನಮೂದಿಸಿ. ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳಿ.

ಸಾವಿನ ಮಾತನ್ನು ಮನೆಯಲ್ಲಿ ಆಡುವುದು ಅಮಂಗಳವೆಂಬ ಸಂಕೋಚ ನಮ್ಮ ಹಿರಿಯರಲ್ಲಿ ಸಹಜ. ಆದರೆ ಮಾಟುಂಗಾದ ಆ ಮನೆಯಲ್ಲಿ ಒಂದು ಸಂಜೆ ಕುಳಿತು, ಯಾವ ಕಾಗದ ಎಲ್ಲಿದೆ, ಯಾರಿಗೆ ಏನು ಎಂದು ತಂದೆಯೇ ಮಕ್ಕಳಿಬ್ಬರಿಗೂ ಹೇಳಿದ್ದರೆ, ತಾಯಿ ತನ್ನದೇ ಮನೆಯಲ್ಲಿ ಉಳಿಯಲು ಮಗನ ಮುಖ ನೋಡುವ ಪ್ರಸಂಗ ಬರುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಮಕ್ಕಳೆಲ್ಲ ಮನೆಗೆ ಬಂದಾಗ ಆ ಕಪಾಟನ್ನು ನಾವೇ ತೆರೆದು ತೋರಿಸೋಣ.