ಸವೆದ ಸೆಂಟು, ಕಡಿಮೆ ಖರ್ಚು: ಅಮೆರಿಕದ ಹಳೆಯ ನಾಣ್ಯ ಕೂಡಿಸುವ ಬಗೆ

1907ರಲ್ಲಿ ಅಚ್ಚಾದ ಅಮೆರಿಕದ ಒಂದು ಸೆಂಟ್ ನಾಣ್ಯ ಚೆನ್ನಾಗಿ ಸವೆದಿದ್ದರೆ, ಅಲ್ಲಿನ ನಾಣ್ಯದಂಗಡಿಯಲ್ಲಿ ಇಂದಿಗೂ ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ. ನೂರು ವರ್ಷ ದಾಟಿದ್ದು ಇಷ್ಟು ಅಗ್ಗವೇ ಎಂದು ಅನುಮಾನಪಡಬೇಕಿಲ್ಲ. ಆ ಒಂದೇ ವರ್ಷದಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಅಂಥ 10 ಕೋಟಿಗೂ ಹೆಚ್ಚು ಸೆಂಟುಗಳನ್ನು ಹೊರಹಾಕಿತ್ತು. ಎಷ್ಟು ನಾಣ್ಯ ಉಳಿದಿವೆ, ಎಷ್ಟು ಜನ ಅದನ್ನು ಹುಡುಕುತ್ತಿದ್ದಾರೆ, ಎಷ್ಟು ಸವೆದಿದೆ ಎಂಬ ಮೂರು ಲೆಕ್ಕದ ಮೇಲೆ ಬೆಲೆ ನಿಲ್ಲುತ್ತದೆ; ಬರೀ ವಯಸ್ಸಿಗೆ ಯಾರೂ ಕಾಸು ಕೊಡುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಈ ಮೂರನೆಯ ಲೆಕ್ಕವೇ ಅನುಕೂಲ. ಹೊಳೆಯುವ ನಾಣ್ಯದ ಹಿಂದೆ ಹೂಡಿಕೆದಾರರು ಓಡುತ್ತಾರೆ. ಸವೆದದ್ದು ನಮಗೆ ಉಳಿಯುತ್ತದೆ.

ಕಂಡದ್ದನ್ನೆಲ್ಲ ಕೊಳ್ಳಲು ಹೊರಟರೆ ಡಬ್ಬಿ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಮೊದಲು ಒಂದು ಸರಣಿ ಆರಿಸಿಕೊಳ್ಳಿ. ಹೊಸಬರಿಗೆ ನನ್ನ ಶಿಫಾರಸು ‘ವೀಟ್ ಸೆಂಟ್’: ಮುಂದೆ ಲಿಂಕನ್ ಮುಖ, ಹಿಂದೆ ಎರಡು ಗೋಧಿ ತೆನೆ. ವಿಕ್ಟರ್ ಡೇವಿಡ್ ಬ್ರೆನರ್ ರೂಪಿಸಿದ ಈ ಸೆಂಟು 1909ರಲ್ಲಿ ಶುರುವಾಗಿ ಗೋಧಿ ತೆನೆಯೊಂದಿಗೆ 1958ರವರೆಗೆ ನಡೆಯಿತು. ಇಸವಿಯ ಕೆಳಗೆ ಪುಟ್ಟ ಅಕ್ಷರವೊಂದಿದ್ದರೆ ಅದೇ ಟಂಕಸಾಲೆಯ ಗುರುತು: ‘ಡಿ’ ಎಂದರೆ ಡೆನ್ವರ್, ‘ಎಸ್’ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಇಸವಿ ಮತ್ತು ಗುರುತಿನ ಜೋಡಿ ಬದಲಾದಂತೆ ಅದು ಬೇರೆ ನಾಣ್ಯವೆಂದೇ ಲೆಕ್ಕ. ಹೀಗೆ ಎಣಿಸಿದರೆ ಇಡೀ ಸರಣಿ ನೂರ ನಲವತ್ತರ ಆಸುಪಾಸಿಗೆ ಬರುತ್ತದೆ.

ಅಷ್ಟನ್ನೂ ಒಮ್ಮೆಗೇ ಹುಡುಕಬೇಡಿ. 1934ರಿಂದ 1958ರವರೆಗಿನ ತುಂಡನ್ನು ಮಾತ್ರ ಮೊದಲು ತೆಗೆದುಕೊಳ್ಳಿ. 1955ರಲ್ಲಿ ಅಕ್ಷರಗಳು ಎರಡೆರಡಾಗಿ ಮೂಡಿದ ಪ್ರಸಿದ್ಧ ‘ಡಬಲ್ ಡೈ’ ತಪ್ಪಚ್ಚನ್ನು ಬಿಟ್ಟರೆ ಇದರಲ್ಲಿ ಕೈ ಸುಡುವಂಥದ್ದು ಏನೂ ಇಲ್ಲ. ಬಹುಪಾಲು ನಾಣ್ಯಗಳು ಚಿಲ್ಲರೆ ಕಾಸಿಗೇ ಬರುತ್ತವೆ. ಇದೇ ತುಂಡಿನಲ್ಲಿ ಅತ್ಯಂತ ಸ್ವಾರಸ್ಯದ ಸೆಂಟೂ ಇದೆ. ಎರಡನೆಯ ಮಹಾಯುದ್ಧಕ್ಕೆ ತಾಮ್ರ ಬೇಕಾಗಿ 1943ರಲ್ಲಿ ಸೆಂಟುಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚುಹಾಕಿದರು. ಬೂದು ಬಣ್ಣದ ಈ ಸೆಂಟಿಗೆ ಅಯಸ್ಕಾಂತ ಟಪ್ಪನೆ ಅಂಟುತ್ತದೆ. ಮೂರೂ ಟಂಕಸಾಲೆ ಸೇರಿ 109 ಕೋಟಿಯಷ್ಟು ಮಾಡಿದ್ದರಿಂದ ಬೆಲೆಯೂ ಅಗ್ಗವೇ. ಅದೇ ಇಸವಿಯ ತಾಮ್ರದ ಸೆಂಟು ಮಾತ್ರ ಬೆರಳೆಣಿಕೆಯಷ್ಟು. ತಪ್ಪಿ ಉಳಿದ ಹಳೆಯ ಬಿಲ್ಲೆಗಳ ಮೇಲೆ ಅಚ್ಚಾದವು. “1943ರ ತಾಮ್ರ ಇದೆ” ಎಂದು ಯಾರಾದರೂ ಪಿಸುಗುಟ್ಟಿದರೆ ಜೇಬಿನಿಂದ ಅಯಸ್ಕಾಂತ ತೆಗೆಯಿರಿ. ಉಕ್ಕಿಗೆ ತಾಮ್ರದ ನೀರು ಕೊಟ್ಟ ನಾಣ್ಯಗಳೇ ಹೆಚ್ಚು ತಿರುಗಾಡುತ್ತಿವೆ.

1909ರ ಕಡೆಗೆ ಹಿಂದೆ ಸರಿದಂತೆ ಆಲ್ಬಂನಲ್ಲಿ ಕೆಲವು ತೂತುಗಳು ಖಾಲಿ ಉಳಿಯುತ್ತವೆ. 1909ರ ‘ಎಸ್ ವಿಡಿಬಿ’ ಬರೀ 4,84,000. ಬ್ರೆನರ್ ಹೆಸರಿನ ಮೂರು ಮೊದಲಕ್ಷರ ಹಿಂಬದಿಯಲ್ಲಿ ಎದ್ದು ಕಾಣುತ್ತದೆಂದು ಆಕ್ಷೇಪ ಬಂದು, ಕೆಲವೇ ದಿನಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದೇ ಈ ಕೊರತೆಗೆ ಕಾರಣ. ಪೂರಾ ಸವೆದಿದ್ದರೂ ನೂರಾರು ಡಾಲರ್ ಕೇಳುತ್ತಾರೆ. 1914ರ ‘ಡಿ’, 1931ರ ‘ಎಸ್’ ಕೂಡ ಸುಲಭಕ್ಕೆ ಬಗ್ಗುವವಲ್ಲ. ಖಾಲಿ ತೂತು ಖಾಲಿಯೇ ಇರಲಿ; ಅದಕ್ಕೆ ಸಾಲ ಮಾಡುವುದು ಮೂರ್ಖತನ. ಕಳ್ಳಮಾಲು ಸೇರಿಕೊಳ್ಳುವುದೂ ಇಲ್ಲೇ. 1944ರ ‘ಡಿ’ ಸೆಂಟಿನ ಮೊದಲ ನಾಲ್ಕನ್ನು ಕೆರೆದು ಒಂದಾಗಿಸಿ 1914 ಮಾಡುತ್ತಾರೆ. ಹಿಡಿಯುವುದು ಹೇಗೆ? ‘ವಿಡಿಬಿ’ ಅಕ್ಷರಗಳು 1918ರಲ್ಲಿ ಲಿಂಕನ್ ಭುಜದಂಚಿಗೆ ಸಣ್ಣದಾಗಿ ವಾಪಸು ಬಂದವು. 1914ರ ನಾಣ್ಯದ ಭುಜದಲ್ಲಿ ಅವು ಕಂಡರೆ, ಅಥವಾ 9ಕ್ಕೂ 1ಕ್ಕೂ ನಡುವೆ ಅತಿಯಾದ ಜಾಗವಿದ್ದರೆ, ನಮಸ್ಕಾರ ಹೇಳಿ ಹೊರಡಿ.

ಸವೆತ ಅಳೆಯಲು ಕಲಿಯುವುದು ಇಡೀ ಹವ್ಯಾಸದ ಅರ್ಧ ಪಾಲು. ವಿಲಿಯಂ ಶೆಲ್ಡನ್ 1949ರಲ್ಲಿ ಕೊಟ್ಟ 1ರಿಂದ 70ರ ಅಳತೆಯೇ ಇಂದಿಗೂ ಆಧಾರ: ಗುಡ್ 4, ವೆರಿ ಗುಡ್ 8, ಫೈನ್ 12, ವೆರಿ ಫೈನ್ 20, ಎಕ್ಸ್‌ಟ್ರೀಮ್ಲಿ ಫೈನ್ 40, ಮೇಲೆ 60ರಿಂದ ಚಲಾವಣೆಯನ್ನೇ ಕಾಣದವು. ಸಂಖ್ಯೆ ಬಾಯಿಪಾಠ ಮಾಡುವುದಕ್ಕಿಂತ ನಾಣ್ಯದ ಯಾವ ಭಾಗ ಮೊದಲು ಸವೆಯುತ್ತದೆಂದು ತಿಳಿದರೆ ಸಾಕು. ವೀಟ್ ಸೆಂಟಿನಲ್ಲಿ ತೆನೆಯ ಗೆರೆಗಳು: ಪೂರ್ತಿ ಅಳಿಸಿದ್ದರೆ ಗುಡ್, ಸವೆದೂ ಎಣಿಸುವಂತಿದ್ದರೆ ಫೈನ್. 1859ರಿಂದ 1909ರವರೆಗೆ ನಡೆದ ಇಂಡಿಯನ್ ಹೆಡ್ ಸೆಂಟಿನಲ್ಲಿ ತಲೆಪಟ್ಟಿಯ ಮೇಲಿನ ‘ಲಿಬರ್ಟಿ’ ಪದ ನೋಡಬೇಕು. ಮೂರು ಅಕ್ಷರದಷ್ಟು ಉಳಿದಿದ್ದರೆ ವೆರಿ ಗುಡ್, ಏಳೂ ಓದಲು ಬಂದರೆ ಫೈನ್. ಸರಣಿಯುದ್ದಕ್ಕೂ ಒಂದೇ ಮಟ್ಟದ ಸವೆತದ ನಾಣ್ಯಗಳನ್ನು ಕೂಡಿಸಿದರೆ ಆಲ್ಬಂ ನೋಡಲು ಬಲು ಚಂದ. ಒಂದು ಹೊಳಪು, ಒಂದು ಬೋಳು ಇದ್ದರೆ ಕಣ್ಣಿಗೆ ಕಿರಿಕಿರಿ.

ಸವೆತದ ಕಥೆಯನ್ನು ಬಫಲೋ ನಿಕ್ಕಲಿನಷ್ಟು ಚೆನ್ನಾಗಿ ಬೇರಾವುದೂ ಹೇಳುವುದಿಲ್ಲ. ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಈ ಐದು ಸೆಂಟಿನ ನಾಣ್ಯ 1913ರಿಂದ 1938ರವರೆಗೆ ಬಂತು. ಒಂದು ಕಡೆ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಕಾಡುಕೋಣದಂಥ ಬೈಸನ್. ಮೊದಲಲ್ಲಿ ಬೈಸನ್ ದಿಬ್ಬದ ಮೇಲೆ ನಿಂತಿತ್ತು, ಬೆಲೆಯ ಅಕ್ಷರಗಳು ಆ ದಿಬ್ಬದ ಮೇಲೇ ಉಬ್ಬಿದ್ದವು. ಉಜ್ಜಿ ಹೋಗುತ್ತದೆಂದು ಅದೇ ವರ್ಷ ಅಕ್ಷರಗಳನ್ನು ತಗ್ಗಿಗೆ ಇಳಿಸಿದರು. ಆದರೆ ಭುಜದ ಮೇಲೆ ಉಬ್ಬಿ ಕೂತ ಇಸವಿಗೆ ಆ ರಕ್ಷಣೆ ಸಿಗಲಿಲ್ಲ. ಹಾಗಾಗಿ ಇಸವಿಯೇ ಅಳಿಸಿದ ನಿಕ್ಕಲುಗಳು ರಾಶಿ ರಾಶಿ. ಆಸಿಡ್ ಹಚ್ಚಿ ಇಸವಿ ಎಬ್ಬಿಸಬಹುದು, ಆದರೆ ಅಲ್ಲಿ ಒರಟು ಕಲೆ ಉಳಿದು ಮಾರುವ ಬೆಲೆ ನೆಲ ಕಚ್ಚುತ್ತದೆ. ನಾಲ್ಕೂ ಅಂಕಿ ಸ್ಪಷ್ಟವಿರುವುದನ್ನೇ ಆರಿಸಿ. ಬೈಸನ್ನಿನ ಕೊಂಬು ತುದಿಯವರೆಗೆ ಉಳಿದಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬೆಳ್ಳಿ ನಾಣ್ಯಗಳ ಲೆಕ್ಕ ಬೇರೆ. 1964ರವರೆಗಿನ ಡೈಮ್, ಕ್ವಾರ್ಟರ್, ಹಾಫ್ ಡಾಲರ್‌ಗಳಲ್ಲಿ ಶೇ 90 ಬೆಳ್ಳಿ. 1965ರ ಕಾನೂನು ಡೈಮ್ ಮತ್ತು ಕ್ವಾರ್ಟರಿನಿಂದ ಅದನ್ನು ತೆಗೆದದ್ದೇ ತಡ, ಜನ ಹಳೆಯವನ್ನು ಒಳಗಿಟ್ಟುಕೊಂಡರು. ಸಾಮಾನ್ಯ ಇಸವಿಯ ಬೆಳ್ಳಿ ಕೊಳ್ಳುವ ದಿನ ಪೇಟೆಯ ಧಾರಣೆ ನೋಡಿ. ಸಂಗ್ರಹಕ್ಕಿಂತ ಲೋಹಕ್ಕೇ ದುಡ್ಡು ಕೊಟ್ಟಂತಾಗುತ್ತದೆ. ಆಸೆಗೆ ಒಂದೆರಡು ಮರ್ಕ್ಯುರಿ ಡೈಮ್ ಇಟ್ಟುಕೊಂಡರೆ ಸಾಕು.

ಅಮೆರಿಕದಲ್ಲೇ ಇರುವ ಕನ್ನಡಿಗರಿಗೆ ಬ್ಯಾಂಕಿನ ಸುರುಳಿಯಷ್ಟು ಅಗ್ಗದ ದಾರಿ ಬೇರೆ ಇಲ್ಲ. ಎರಡು ಡಾಲರ್ ಕೊಟ್ಟರೆ ನಲವತ್ತು ನಿಕ್ಕಲಿನ ಸುರುಳಿ ಸಿಗುತ್ತದೆ. ಬೇಕಾದ್ದನ್ನು ಎತ್ತಿಕೊಂಡು ಉಳಿದದ್ದನ್ನು ಮರಳಿಸಿದರೆ ಖರ್ಚು ಸೊನ್ನೆ. ನಿಕ್ಕಲಿನ ಲೋಹ ಯುದ್ಧಕಾಲ ಬಿಟ್ಟರೆ ಬದಲಾಗಿಲ್ಲವಾದ್ದರಿಂದ 1940, 50ರ ದಶಕದವು ಇನ್ನೂ ಚಲಾವಣೆಯಲ್ಲಿ ಸಿಕ್ಕುತ್ತವೆ. ಆ ಯುದ್ಧಕಾಲದ್ದು, 1942ರಿಂದ 45ರದ್ದು, ಸಿಕ್ಕಿದರಂತೂ ಅದೃಷ್ಟ: ಶೇ 35 ಬೆಳ್ಳಿ, ಹಿಂಬದಿಯ ಗುಮ್ಮಟದ ಮೇಲೆ ದಪ್ಪ ಅಕ್ಷರದ ಗುರುತು. ಸೆಂಟುಗಳ ಸುರುಳಿಯನ್ನು ನೆಚ್ಚಿಕೊಳ್ಳುವಂತಿಲ್ಲ, ಚಲಾವಣೆಗೆಂದು ಸೆಂಟು ಅಚ್ಚುಹಾಕುವುದೇ 2025ರ ನವೆಂಬರ್‌ನಲ್ಲಿ ನಿಂತಿತು. ಊರಿನ ನಾಣ್ಯದಂಗಡಿಗಳಲ್ಲಿ ಮೂಲೆಗೊಂದು ಚಿಲ್ಲರೆ ಪೆಟ್ಟಿಗೆ ಇರುತ್ತದೆ. ಕೂತು ಕೆದಕಲು ಅಡ್ಡಿ ಮಾಡುವುದಿಲ್ಲ. “ಯಾರೂ ಹುಡುಕದ ಹಳೆಯ ಚೀಲ” ಎಂಬ ಜಾಹೀರಾತನ್ನು ನಂಬಬೇಡಿ. ಮಾರುವವನು ನಿಮಗಿಂತ ಮೊದಲು ಹುಡುಕಿರುತ್ತಾನೆ. ಕೈಯಲ್ಲಿ 1946ರಿಂದ ಬರುತ್ತಿರುವ ‘ರೆಡ್ ಬುಕ್’ ಎಂಬ ನಾಣ್ಯ ಕೈಪಿಡಿ ಇರಲಿ. ಹಳೆಯ ಆವೃತ್ತಿಯೂ ನಡೆದೀತು, ಎಷ್ಟು ಅಚ್ಚಾದವೆಂಬ ಅಂಕಿ ಹಾಗೇ ಇರುತ್ತದೆ. ಅದರ ಬೆಲೆಗಳು ಮಾತ್ರ ಅಂಗಡಿಯವನು ಮಾರುವ ಬೆಲೆಗಳು, ಅವನು ಕೊಳ್ಳುವುದು ಅದಕ್ಕಿಂತ ಕೆಳಗೇ.

ಇನ್ನು, ತಾಮ್ರ ಕಪ್ಪಾದದ್ದು ಕಂಡೊಡನೆ ನಮ್ಮವರ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದಯವಿಟ್ಟು ಬೇಡ. ಹತ್ತಾರು ವರ್ಷದಲ್ಲಿ ಕೂತ ಕಂದು ಪದರವೇ ನಾಣ್ಯದ ಮೈ. ಉಜ್ಜಿ ತೆಗೆದ ಸೆಂಟು ಪಳಗಿದ ಕಣ್ಣಿಗೆ ದೂರದಿಂದಲೇ ಗೊತ್ತಾಗುತ್ತದೆ, ಬೆಲೆ ಅರ್ಧಕ್ಕೂ ಇಳಿಯಬಹುದು. ಎಣ್ಣೆ ಜಿಡ್ಡಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ತಿಕ್ಕದೆ ಆರಲು ಬಿಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಹಸಿರು ಅಂಟು ಹತ್ತುತ್ತದೆ; ಮೈಲಾರ್ ಕಿಟಕಿಯ ರಟ್ಟಿನ ಚೌಕಗಳು ಕಾಸಿಗೆ ಕಾಸು ಸರಿ. ಮಂಗಳೂರು, ಉಡುಪಿ ಕಡೆಯವರು ಸಂಗ್ರಹ ತಂದಿಟ್ಟುಕೊಂಡಿದ್ದರೆ ಮಳೆಗಾಲಕ್ಕೆ ಮುಂಚೆ 1943ರ ಉಕ್ಕಿನ ಸೆಂಟುಗಳನ್ನು ಒಮ್ಮೆ ನೋಡಿಬಿಡಿ. ಸತು ಬಳಿದ ಹಾಳೆಯಿಂದ ಬಿಲ್ಲೆ ಕತ್ತರಿಸಿದ್ದರಿಂದ ಅವುಗಳ ಅಂಚಿಗೆ ಲೇಪನವಿಲ್ಲ, ತುಕ್ಕು ಅಲ್ಲಿಂದಲೇ ಶುರು. ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ನೀರು ಹೀರಿ ಸುಸ್ತಾದಾಗ ಬದಲಿಸುತ್ತಿರಿ.